ಕೊಳೆಗೂ ಒಂದು ಹೆಸರಿರಲಿ

ಕಾರನ್ನು ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ತೊಟ್ಟು ಬಾನೆಟ್ಟಿನ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ. ತರಕಾರಿ ಕಟ್ಟಿಸಿಕೊಂಡು ಬಂದ ಚೀಲವಾದರೂ ಆದೀತು. ಕಣ್ಣಿಗೆ ಕನ್ನಡಿಯಂತೆ ಕಂಡ ಬಣ್ಣ ಬೆರಳಿಗೆ ಉಪ್ಪುಕಾಗದದ ಹಾಗೆ ತರಿತರಿ ಎನ್ನುತ್ತದೆ. ಬರಿಗೈ ಬಣ್ಣಕ್ಕೆ ತುಸು ಅಂಟಿಕೊಳ್ಳುವುದರಿಂದ ಈ ತರಿ ಅಷ್ಟಾಗಿ ತಿಳಿಯುವುದಿಲ್ಲ. ಚೀಲದೊಳಗಿನ ಬೆರಳು ಸಲೀಸಾಗಿ ಜಾರುತ್ತದೆ, ಹಾಗಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಉಬ್ಬುಗಳೂ ಎದ್ದು ತೋರುತ್ತವೆ. ಚೆನ್ನೈನಲ್ಲಿ ಆರು ತಿಂಗಳು ಬೀದಿಬದಿ ನಿಂತ ಯಾವ ಕಾರಿನ ಮೇಲಾದರೂ ಈ ಪರೀಕ್ಷೆ ಮಾಡಬಹುದು. ಬೆರಳು ಸುಮ್ಮನೆ ಜಾರಿಹೋಗುವ ಕಾರು ಸಿಕ್ಕರೆ ಅದು ಷೋರೂಮಿನಿಂದ ಮೊನ್ನೆ ಹೊರಬಂದದ್ದು ಎಂದೇ ತಿಳಿಯಬೇಕು. ಅದೂ ಖಚಿತವೇನಲ್ಲ. ಹೊಸ ಕಾರುಗಳೂ ಗೂಡ್ಸ್ ರೈಲಿನಲ್ಲಿ, ಲಾರಿಯಲ್ಲಿ ಊರೂರು ದಾಟಿ, ಬಯಲಿನಲ್ಲಿ ತಿಂಗಳುಗಟ್ಟಲೆ ನಿಂತು ಬಂದಿರುತ್ತವೆ.

ನೀರು, ಸೋಪು, ಬಟ್ಟೆ ಮೂರಕ್ಕೂ ಜಗ್ಗದ ಈ ತರಿ ಏನು? ಸಡಿಲವಾಗಿ ಕೂತ ಧೂಳು ತೊಳೆದರೆ ಹೋಗುತ್ತದೆ. ಉಳಿಯುವುದು ಬಣ್ಣಕ್ಕೆ ಕಚ್ಚಿಕೊಂಡದ್ದು. ಬ್ರೇಕ್ ಹಾಕಿದಾಗಲೆಲ್ಲ ಎರಕದ ಕಬ್ಬಿಣದ ಡಿಸ್ಕ್ ಸವೆದು ಬಿಸಿ ಪುಡಿ ಹಾರುತ್ತದೆ. ರೈಲಿನ ಗಾಲಿ ಮತ್ತು ಹಳಿ ಒಂದಕ್ಕೊಂದು ಉಜ್ಜಿ ಅಂಥದೇ ಪುಡಿಯನ್ನು ಎರಚುತ್ತವೆ. ಈ ಕಬ್ಬಿಣದ ಕಣ ಬಣ್ಣದ ಮೇಲೆ ಕೂತು, ಕಡಲ ಗಾಳಿಯ ಉಪ್ಪುತೇವಕ್ಕೆ ತುಕ್ಕು ಹಿಡಿದು, ಹಿಗ್ಗಿ, ಬೇರು ಬಿಟ್ಟ ಹಾಗೆ ನಿಂತುಬಿಡುತ್ತದೆ. ಬಿಳಿ ಕಾರಿನ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆಗಳು ಕಾಣುವುದು ಇದರಿಂದಲೇ. ಇದರ ಜೊತೆಗೆ ಮೆಟ್ರೊ ಎರಡನೇ ಹಂತದ ಸುಮಾರು 119 ಕಿಲೋಮೀಟರ್ ಕಾಮಗಾರಿಯಿಂದ ಏಳುವ ಸಿಮೆಂಟ್ ಪುಡಿ, ಡೀಸೆಲ್ ಮಸಿ, ಬೀದಿಮರಗಳ ಅಂಟು, ಪಕ್ಕದ ಮನೆಯ ಗೇಟಿಗೆ ಬಣ್ಣ ಹೊಡೆದಾಗ ಹಾರಿದ ತುಂತುರು. ಉತ್ತರ ಚೆನ್ನೈ ಆದರೆ ಕಲ್ಲಿದ್ದಲ ಪುಡಿಯೂ ಹಾರುಬೂದಿಯೂ ಸೇರುತ್ತವೆ.

ಇದನ್ನು ತೆಗೆಯಲು ಬಳಸುವ ವಸ್ತುವಿನ ಹೆಸರು ಕ್ಲೇ ಬಾರ್. ಮಕ್ಕಳು ಆಡುವ ಬಣ್ಣದ ಹಿಟ್ಟಿನಂಥ, ಅಂಗೈಯಲ್ಲಿ ಹಿಡಿಸುವ ಒಂದು ಮುದ್ದೆ. ಜಾರುವ ದ್ರವವನ್ನು ಸಿಂಪಡಿಸಿ ಅದರ ಮೇಲೆ ಈ ಮುದ್ದೆಯನ್ನು ಮೆಲ್ಲಗೆ ಆಡಿಸಿದರೆ ಮೇಲೆದ್ದು ನಿಂತ ಕಣಗಳು ಒಂದೊಂದಾಗಿ ಕಿತ್ತುಬಂದು ಮುದ್ದೆಯೊಳಗೆ ಹುದುಗುತ್ತವೆ. ಮೊದಲ ಕೆಲವು ಎಳೆತದಲ್ಲಿ ಕೈಗೆ ತಡೆ ತಿಳಿಯುತ್ತದೆ, ಸರಸರ ಸದ್ದೂ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಮುದ್ದೆ ಬೆಣ್ಣೆಯ ಹಾಗೆ ಜಾರತೊಡಗುತ್ತದೆ. ತಿರುಗಿಸಿ ನೋಡಿದರೆ ಹಳದಿಯೋ ನೀಲಿಯೋ ಆಗಿದ್ದ ಮುದ್ದೆಯ ಮೈ ಕಂದುಗಪ್ಪಾಗಿರುತ್ತದೆ.

ಹೆಸರು ಕ್ಲೇ, ಅಂದರೆ ಜೇಡಿಮಣ್ಣು. ವಸ್ತು ಮಾತ್ರ ಜೇಡಿಮಣ್ಣಲ್ಲ. ಅದು ಮೆತ್ತನೆಯ ಕೃತಕ ರಾಳ, ಅದರೊಳಗೆ ಬೆರೆಸಿದ ತೀರ ನುಣುಪಾದ ಉಜ್ಜುಪುಡಿ. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಜಪಾನಿನ ತಡಾವೊ ಕೊಡಾಟೆ ಅವರಿಗೆ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆ ಪೇಟೆಂಟಿನ ಶೀರ್ಷಿಕೆಯಲ್ಲಿ ಮಣ್ಣಿನ ಸುದ್ದಿಯೇ ಇಲ್ಲ. ಅದನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ 'ಮಣಿಯುವ ಸಾಣೆಕಲ್ಲು' ಎಂದಾಗುತ್ತದೆ. ಮಣಿಯುವ ಸಾಣೆಕಲ್ಲು ಎಂದರೆ ಬಳಸುವವನ ಕೈ ತಾನಾಗಿ ಹಗುರಾಗುತ್ತದೆ. ಸಾಣೆ ಸವೆಸುತ್ತದೆ ಎಂಬುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಜೇಡಿಮಣ್ಣು ಎಂದಾಗ ಆ ಎಚ್ಚರ ಇರುವುದಿಲ್ಲ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ನೆನಪಾಗಿ, ವಾರಕ್ಕೊಮ್ಮೆ ಹಚ್ಚಿದರೂ ಒಳ್ಳೆಯದೇ ಅನ್ನಿಸುತ್ತದೆ.

ಜಪಾನಿನ ಅಂಗಡಿಗಳಲ್ಲಿ ಇದಕ್ಕೆ ಇನ್ನೂ ಒಂದು ಹೆಸರಿದೆ: ತೆಪ್ಪುನ್ ತೊರಿ ನೆಂಡೊ. ತೆಪ್ಪುನ್ ಎಂದರೆ ಕಬ್ಬಿಣದ ಪುಡಿ, ತೊರಿ ಎಂದರೆ ತೆಗೆಯುವುದು, ನೆಂಡೊ ಎಂದರೆ ಜೇಡಿ. ಕಬ್ಬಿಣಪುಡಿ ತೆಗೆಯುವ ಜೇಡಿ. ವಸ್ತುವಿನ ಬಗ್ಗೆ ಈ ಹೆಸರೂ ಸುಳ್ಳೇ ಹೇಳುತ್ತದೆ, ಆದರೆ ಕೊಳೆಯ ಬಗ್ಗೆ ನಿಜ ಹೇಳುತ್ತದೆ. ಡಬ್ಬಿ ಕೈಗೆ ತೆಗೆದುಕೊಂಡವನಿಗೆ ತನ್ನ ಕಾರಿನ ಮೇಲೆ ಏನು ಕೂತಿದೆ ಎಂಬುದು ಮೊದಲೇ ತಿಳಿದಿರುತ್ತದೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ಕಬ್ಬಿಣಪುಡಿ ಬಿದ್ದುಹೋಗಿ ಜೇಡಿ ಮಾತ್ರ ಉಳಿಯಿತು. ಅಲ್ಲಿಂದ ಚೆನ್ನೈ, ಬೆಂಗಳೂರುಗಳ ಅಂಗಡಿಗಳಿಗೆ ಬರುವಷ್ಟರಲ್ಲಿ ಜೇಡಿಯೂ ಹಿಂದಕ್ಕೆ ಸರಿದು 'ಪೇಂಟ್ ಡಿಕಂಟಾಮಿನೇಶನ್' ಎಂಬ ಬೋರ್ಡು ಬಂತು. ಏನನ್ನು ತೆಗೆಯುತ್ತಾರೆ ಎಂದು ಕೇಳಿದರೆ 'ಕಂಟಾಮಿನೇಶನ್ ಸಾರ್' ಎಂಬ ಉತ್ತರ. ಅಶುದ್ಧಿಯನ್ನು ತೆಗೆದು ಶುದ್ಧಿ ಮಾಡುತ್ತೇವೆ ಎಂದಂತೆ. ಮಾತು ದೊಡ್ಡದಾಯಿತು, ಅದರೊಳಗೆ ಏನೂ ಉಳಿಯಲಿಲ್ಲ.

ಇದು ಬರಿಯ ಶಬ್ದದ ಜಗಳವಲ್ಲ. ಕೊಳೆಯನ್ನು ಹೆಸರಿಟ್ಟು ಕರೆಯುವುದು ಅದನ್ನು ಕಳೆಯುವ ಕೆಲಸದ ಮೊದಲ ಅರ್ಧ. ಕನ್ನಡದ ಅಡುಗೆಮನೆ, ಬಚ್ಚಲುಮನೆಗಳಿಗೆ ಇದು ಗೊತ್ತಿತ್ತು. ಹಿತ್ತಾಳೆಗೆ ಹಿಡಿಯುವುದು ಕಿಲುಬು, ಅದಕ್ಕೆ ಹುಣಸೆಹಣ್ಣು. ಪಾತ್ರೆಯ ತಳಕ್ಕೆ ಹಿಡಿಯುವುದು ಮಸಿ, ಬಾಣಲೆಗೆ ಹಿಡಿಯುವುದು ಜಿಡ್ಡು, ಅದಕ್ಕೆ ಒಲೆಯ ಬೂದಿ. ಕತ್ತಿಗೆ ಹಿಡಿಯುವುದು ತುಕ್ಕು, ಕಲ್ಲಿಗೆ ಹಿಡಿಯುವುದು ಪಾಚಿ. ಬಟ್ಟೆಯ ಕೊಳೆಗೆ ಚೌಳುಮಣ್ಣು. ಇವಿಷ್ಟನ್ನೂ 'ಅಶುದ್ಧಿ' ಎಂದು ಒಂದೇ ಗಂಟು ಕಟ್ಟಿದ್ದರೆ ಹಿತ್ತಾಳೆ ಚೊಂಬಿಗೆ ಪಾಚಿಯ ಮದ್ದು ಹಾಕಿ ಕೂರಬೇಕಾಗುತ್ತಿತ್ತು. ಕೊಳೆಯ ಹೆಸರು ತಿಳಿದರೆ ಅದು ಎಲ್ಲಿಂದ ಬಂತು ಎಂಬುದೂ ತಿಳಿಯುತ್ತದೆ. ಮಸಿ ಎಂದವನು ಒಲೆಯ ಕಡೆ ನೋಡುತ್ತಾನೆ. ಕಂಟಾಮಿನೇಶನ್ ಎಂದವನಿಗೆ ನೋಡಲು ದಿಕ್ಕೇ ಇಲ್ಲ.

ಕಾರಿನ ವಿಷಯದಲ್ಲೂ ಹಾಗೆಯೇ. ಕ್ಲೇ ಬಾರ್ ತೆಗೆಯುವುದು ಮೇಲೆದ್ದು ನಿಂತದ್ದನ್ನು ಮಾತ್ರ: ಕಬ್ಬಿಣದ ಕಣ, ಬಣ್ಣದ ತುಂತುರು, ಒಣಗಿದ ಮರದಂಟು, ಕೂತ ಮಸಿ. ಕಾಗೆಯ ಹಿಕ್ಕೆ ಎರಡು ದಿನ ಬಿಸಿಲಿಗೆ ಕುಳಿತು ಬಣ್ಣವನ್ನು ತಿಂದಿದ್ದರೆ ಅದು ಗುಳಿ. ಸಾಣೆ ಉಬ್ಬನ್ನು ಕತ್ತರಿಸೀತು, ಗುಳಿಯನ್ನು ತುಂಬಲಾರದು. ಬಟ್ಟೆಯಿಂದ ಬಿದ್ದ ಸುರುಳಿ ಗೀರುಗಳೂ ಹೋಗುವುದಿಲ್ಲ. ಬೋರ್‌ವೆಲ್ ನೀರು ಬಿಸಿಲಿಗೆ ಆರಿ ಉಳಿಸುವ ಬಿಳಿ ಉಂಗುರ ಸುಣ್ಣದಂಶ, ಅದಕ್ಕೆ ಹುಳಿ ಬೇಕು, ಸಾಣೆಯಲ್ಲ. ಇನ್ನು ಕಬ್ಬಿಣದ ಪುಡಿ ಬಹಳವಿದ್ದರೆ ಅದಕ್ಕೆಂದೇ ಬೇರೆ ದ್ರವವಿದೆ. ಸಿಂಪಡಿಸಿದ ನಿಮಿಷದಲ್ಲಿ ಕಬ್ಬಿಣವಿದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ, ಕೊಳೆತ ಮೊಟ್ಟೆಯಂಥ ನಾತವೂ ಏಳುತ್ತದೆ. ಅದನ್ನು ಮೊದಲು ಬಳಸಿದರೆ ಕ್ಲೇಗೆ ಕೆಲಸ ಕಡಿಮೆ, ಬಣ್ಣಕ್ಕೆ ಉಜ್ಜು ಕಡಿಮೆ.

ಮಾಡುವ ವಿಧಾನ ಮನೆಯಲ್ಲೇ ಕಲಿಯುವಂಥದು. ನೆರಳಿನಲ್ಲಿ, ಬಾನೆಟ್ಟು ತಣ್ಣಗಿರುವಾಗ ಶುರುಮಾಡಬೇಕು. ಚೆನ್ನೈನ ಬೆಳಗಿನ ಒಂಬತ್ತು ಗಂಟೆಯ ಬಿಸಿಲಿಗೇ ಸಿಂಪಡಿಸಿದ ದ್ರವ ಆರಿಹೋಗುತ್ತದೆ. ಮೊದಲು ಕಾರನ್ನು ತೊಳೆಯಲೇಬೇಕು. ಹಾರುಬೂದಿಯ ಕಣ ಗಾಜಿನ ಗುಂಡಿನಂಥದು, ಅದರ ಮೇಲೆ ಏನನ್ನು ಉಜ್ಜಿದರೂ ಗೀರು ಬೀಳುತ್ತದೆ. ಇಡೀ ಬಾರನ್ನು ಬಳಸದೆ ಕಾಲುಭಾಗ ಮುರಿದು, ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿಕೊಳ್ಳಬೇಕು. ಒಮ್ಮೆಗೆ ಎರಡು ಅಡಿ ಅಗಲ, ಎರಡು ಅಡಿ ಉದ್ದದಷ್ಟು ಜಾಗ. ಜಾರುದ್ರವ ಧಾರಾಳವಾಗಿರಲಿ. ಒತ್ತಡ ಬೇಡ, ಮುದ್ದೆ ಕೈಯಿಂದ ಬೀಳದಷ್ಟು ಹಿಡಿತ ಸಾಕು. ಸುತ್ತುಸುತ್ತಾಗಿ ಉಜ್ಜದೆ ನೇರವಾಗಿ ಹಿಂದೆ ಮುಂದೆ ಆಡಿಸಬೇಕು. ಮುದ್ದೆಯ ಮೈ ಕಪ್ಪಾದಾಗ ಮಡಿಸಿ, ನಾದಿ, ಒಳಗಿನ ಶುಭ್ರ ಮೈಯನ್ನು ಹೊರಗೆ ತರಬೇಕು. ನೆಲಕ್ಕೆ ಬಿದ್ದರೆ ಮರುಮಾತಿಲ್ಲದೆ ಎಸೆಯಬೇಕು, ಅಂಟಿಕೊಂಡ ಒಂದೇ ಮರಳಿನ ಕಣ ಇಡೀ ಬಾಗಿಲಿಗೆ ಗೀರು ಹಾಕೀತು. ಕೊನೆಗೆ ಒರೆಸಿ ಮೇಣ ಹಚ್ಚಬೇಕು. ಹಳೆಯ ಮೇಣವೂ ಕ್ಲೇಯ ಜೊತೆ ಹೋಗಿರುತ್ತದೆ, ಬಣ್ಣ ಆಗ ಬರಿಮೈಯಲ್ಲಿರುತ್ತದೆ.

ಎಷ್ಟು ಸಲ ಮಾಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಅಂಬಾಸಡರ್ ಕಾಲದ ಬಣ್ಣದಲ್ಲಿ ಮೇಲೊಂದು ಪಾರದರ್ಶಕ ಪದರ ಇರಲಿಲ್ಲ. ಪಾಲಿಶ್ ಮಾಡಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಸವೆತ ಕಣ್ಣೆದುರಿಗೇ ಇರುತ್ತಿತ್ತು. ಇಂದಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅದು ಸವೆದರೆ ಬಟ್ಟೆಗೆ ಏನೂ ಹತ್ತುವುದಿಲ್ಲ, ಹಾಗಾಗಿ ಸವೆದದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮಾಳಿಗೆ ಚಕ್ಕೆಯೇಳುತ್ತಿರುತ್ತದೆ. ಬಿಸಿಲಿನಿಂದ ಕಾಪಾಡುವುದೂ ಅದೇ ಪದರ. ಹದವಾಗಿ ಮಾಡಿದ ಕ್ಲೇ ಅದನ್ನು ಬಹಳ ಸವೆಸುವುದಿಲ್ಲ ನಿಜ. ಆದರೆ ಒರಟು ಬಾರು, ಒತ್ತುವ ಕೈ, ತಿಂಗಳಿಗೊಮ್ಮೆಯ ಪ್ಯಾಕೇಜು ಮೂರೂ ಸೇರಿದರೆ ಲೆಕ್ಕ ಬೇರೆ. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಅದೂ ಚೀಲದ ಪರೀಕ್ಷೆಯಲ್ಲಿ ಬೆರಳಿಗೆ ತರಿ ಸಿಕ್ಕಿದ ಭಾಗಕ್ಕೆ ಮಾತ್ರ. ಇಷ್ಟು ಸಾಕು. ಬೆರಳು ಜಾರಿದ ಕಡೆ ಕ್ಲೇ ಆಡಿಸುವುದು ಕೊಳೆ ತೆಗೆಯುವ ಕೆಲಸವಲ್ಲ, ಬಣ್ಣ ತೆಗೆಯುವ ಕೆಲಸ.

ಅಂಗಡಿಯವರು ಇದನ್ನು ಹೇಳಬೇಕು. ಒಳ್ಳೆಯವರು ಹೇಳುತ್ತಾರೆ ಕೂಡ. ಗಿರಾಕಿಯ ಕೈಗೇ ಚೀಲ ತೊಡಿಸಿ, ಮುಟ್ಟಿ ನೋಡಿ ಎಂದು ಮೊದಲು ತೋರಿಸಿ ಆಮೇಲೆ ಕೆಲಸ ಹಿಡಿಯುವವರಿದ್ದಾರೆ. ಅವರ ಬೆರಳಿನಲ್ಲಿ ಇರುವ ತಿಳಿವಳಿಕೆಗೆ ಹಣ ಕೊಡುವುದರಲ್ಲಿ ನಷ್ಟವಿಲ್ಲ. ಚಿನ್ನ, ಬೆಳ್ಳಿ, ಪ್ಲಾಟಿನಂ ಎಂದು ಹೆಸರಿಟ್ಟ ಪ್ಯಾಕೇಜಿನಲ್ಲಿ ಕ್ಲೇಯನ್ನು ಕಣ್ಣುಮುಚ್ಚಿ ಸೇರಿಸುವವರಿಗೆ ಕೊಡುವುದು ನಷ್ಟ. ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಕಾರಿನ ಮೇಲೆ ಇರುವುದು ಏನು?

*

ಆ ಪ್ರಶ್ನೆಯನ್ನು ಚೆನ್ನೈನಲ್ಲಿ ಪ್ರಾಮಾಣಿಕವಾಗಿ ಕೇಳಿದರೆ ಉತ್ತರ ಅಂಗಡಿಯೊಳಗೆ ನಿಲ್ಲುವುದಿಲ್ಲ. ಪೆರಂಬೂರಿನಲ್ಲಿ ಹಳಿಯ ಪಕ್ಕದ ಬೀದಿಯ ಕಾರಿಗೆ ಅಂಟಿದ್ದು ಬಹುಮಟ್ಟಿಗೆ ಗಾಲಿ ಮತ್ತು ಹಳಿಯ ಕಬ್ಬಿಣ. ಅಣ್ಣಾ ಸಾಲೈಯ ಸಿಗ್ನಲ್ಲುಗಳಲ್ಲಿ ದಿನವೂ ನಿಲ್ಲುವ ಕಾರಿಗೆ ಅಂಟಿದ್ದು ಮುಂದಿನ ಕಾರಿನ ಬ್ರೇಕು. ರಾಯಪುರಂ, ಜಾರ್ಜ್ ಟೌನ್ ಕಡೆಯ ಹಳಬರನ್ನು ಕೇಳಿದರೆ ಇನ್ನೊಂದು ಪುಡಿಯ ನೆನಪು ಬರುತ್ತದೆ. ಕನ್ನಡಿಗರು ಗುರುತಿಸಬೇಕಾದ ಪುಡಿ ಅದು.

ಬಳ್ಳಾರಿ-ಹೊಸಪೇಟೆ ಭಾಗದ ಕಬ್ಬಿಣದ ಅದಿರು ದಶಕಗಳ ಕಾಲ ರೈಲಿನಲ್ಲಿ ಚೆನ್ನೈ ಬಂದರಿಗೆ ಬಂದು ಅಲ್ಲಿಂದ ಹಡಗು ಹತ್ತುತ್ತಿತ್ತು. ಅದಕ್ಕೆಂದೇ 1970ರ ದಶಕದಲ್ಲಿ ಬಂದರಿನ ಭಾರತಿ ಡಾಕ್‌ನಲ್ಲಿ ಯಂತ್ರಗಳಿಂದ ಅದಿರು ತುಂಬುವ ಏರ್ಪಾಡಾಯಿತು. ಬಳ್ಳಾರಿಗೂ ಮದರಾಸಿಗೂ ಸಂಬಂಧ ಅದಕ್ಕಿಂತ ಹಳೆಯದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದರಾಸು ರಾಜ್ಯದಲ್ಲೇ ಇತ್ತು. ಆಡಳಿತ ಬೇರೆಯಾದ ಮೇಲೂ ಕೆಂಪು ಮಣ್ಣು ಮಾತ್ರ ಹಳೆಯ ರಾಜಧಾನಿಯ ದಾರಿ ಮರೆಯಲಿಲ್ಲ. ಅದಿರಿನ ಪುಡಿಗೂ ಬ್ರೇಕಿನ ಪುಡಿಗೂ ವ್ಯತ್ಯಾಸವಿದೆ. ಅದಿರು ಆಗಲೇ ತುಕ್ಕಿನ ರೂಪದಲ್ಲಿರುವ ಕಬ್ಬಿಣ, ಅದು ಬಣ್ಣದ ಮೇಲೆ ಕೂತು ಮತ್ತೆ ತುಕ್ಕು ಹಿಡಿದು ಬೇರು ಬಿಡುವುದಿಲ್ಲ. ಕೂರುತ್ತದೆ, ಕೆಂಪಾಗಿಸುತ್ತದೆ, ಉಜ್ಜಿದರೆ ಗೀರುತ್ತದೆ. ಸಂಡೂರಿನ ಗಿಡಗಳ ಎಲೆ, ಹೊಸಪೇಟೆ ರಸ್ತೆಬದಿಯ ಮನೆಗಳ ಗೋಡೆ ಏನಾದವು ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸಾಲಿನ ಕೊನೆಯ ನಿಲ್ದಾಣ ಬಂಗಾಳ ಕೊಲ್ಲಿಯ ದಂಡೆಯಲ್ಲಿತ್ತು ಎಂಬುದು ಮಾತ್ರ ಕರ್ನಾಟಕದಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

2010ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತನ್ನು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಚೆನ್ನೈನಲ್ಲೂ ಅದೇ ವರ್ಷ ಇನ್ನೊಂದು ತೀರ್ಪು. ಬಂದರಿನ ಸುತ್ತಲಿನ ದೂಳಿನ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2011ರ ಮೇ ತಿಂಗಳಲ್ಲಿ ಆದೇಶ ಕೊಟ್ಟು, ಅಕ್ಟೋಬರ್ 1ರಿಂದ ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿನ ವಹಿವಾಟು ಅಲ್ಲಿ ನಡೆಯಕೂಡದು ಎಂದಿತು. ಬಂದರು ಕಂಟೇನರುಗಳ ಕಡೆಗೆ, ಕಾರುಗಳ ಕಡೆಗೆ ಇನ್ನಷ್ಟು ತಿರುಗಿತು. ಶ್ರೀಪೆರಂಬುದೂರು, ಒರಗಡಂ ಕಾರ್ಖಾನೆಗಳ ಹೊಳೆಯುವ ಹೊಸ ಕಾರುಗಳು ಹಡಗು ಹತ್ತುವ ಬಂದರಿನಲ್ಲಿ ಕಪ್ಪು ಪುಡಿ, ಕೆಂಪು ಪುಡಿ ಎರಡೂ ಕಡಿಮೆಯಾದವು.

ಕಡಿಮೆಯಾದವು ಎಂದರೆ ಇಲ್ಲವಾದವು ಎಂದಲ್ಲ. ಕಲ್ಲಿದ್ದಲು ಉತ್ತರಕ್ಕೆ, ಎಣ್ಣೂರಿಗೆ ಹೋಯಿತು. ಅಲ್ಲಿ 2001ರಲ್ಲಿ ಶುರುವಾದ ಬಂದರು ಹುಟ್ಟಿದ್ದೇ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲಿಗಾಗಿ. 2014ರಲ್ಲಿ ಅದಕ್ಕೆ ಕಾಮರಾಜರ್ ಬಂದರು ಎಂದು ಹೆಸರಾಯಿತು. ಬಳ್ಳಾರಿಯ ಅದಿರಿಗಾಗಿಯೇ ಅಲ್ಲೊಂದು ಹೊಸ ಟರ್ಮಿನಲ್ ಕೂಡ ಕಟ್ಟಿದ್ದರು. ಕರ್ನಾಟಕದ ನಿಷೇಧದಿಂದ ಅದು ಕೆಲಸವಿಲ್ಲದೆ ನಿಂತು, ಕೊನೆಗೆ ಅದನ್ನೂ ಕಲ್ಲಿದ್ದಲಿಗೇ ಬದಲಾಯಿಸಲಾಯಿತು. ಸುತ್ತಮುತ್ತ ಉತ್ತರ ಚೆನ್ನೈ ಮತ್ತು ವಲ್ಲೂರು ಶಾಖೋತ್ಪನ್ನ ಸ್ಥಾವರಗಳಿವೆ. ಅವುಗಳ ಬೂದಿ ನೀರಿನಲ್ಲಿ ಕದಡಿ ಕೊಳವೆಗಳಲ್ಲಿ ಹರಿಯುತ್ತದೆ. ಕೊಳವೆ ಸೋರಿದಾಗ ಕೊಸಸ್ಥಲೈಯಾರ್ ನದಿಗೆ, ಎಣ್ಣೂರಿನ ಅಳಿವೆಗೆ ಬೂದಿ ಇಳಿದು ನೀರಿನ ತಳ ಮೇಲೆದ್ದಿದೆ. ಮೀನು, ಸಿಗಡಿ ಹಿಡಿದು ಬದುಕುತ್ತಿದ್ದವರ ದೋಣಿ ಓಡಾಡುತ್ತಿದ್ದ ಜಾಗ ಅದು.

2017ರ ಜನವರಿಯಲ್ಲಿ ಟಿ. ಎಂ. ಕೃಷ್ಣ ಈ ಅಳಿವೆಯ ದಂಡೆಯಲ್ಲಿ ನಿಂತು ಹಾಡಿದ 'ಚೆನ್ನೈ ಪೊರಂಬೋಕ್ಕು ಪಾಡಲ್' ಬಂತು. ಆ ಹಾಡಿನ ಹೆಸರಿನಲ್ಲಿರುವ ಪದ ಕನ್ನಡಕ್ಕೂ ಹೊಸದಲ್ಲ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕಂದಾಯದ ಕಾಗದಗಳಲ್ಲಿ 'ಪರಂಬೋಕು' ಇಂದಿಗೂ ಇದೆ. ತೆರಿಗೆಯ ಲೆಕ್ಕಕ್ಕೆ ಬಾರದ, ಯಾರೊಬ್ಬರದೂ ಅಲ್ಲದ, ಹಾಗಾಗಿ ಎಲ್ಲರದೂ ಆದ ಜಾಗ ಎಂಬುದು ಅದರ ಮೂಲ ಅರ್ಥ. ತಮಿಳಿನಲ್ಲಿ ಅದು ಕೆಲಸಕ್ಕೆ ಬಾರದವನನ್ನು ಬೈಯುವ ಪದವಾಯಿತು. ಎಲ್ಲರದೂ ಆದದ್ದು ಯಾರಿಗೂ ಬೇಡದ್ದಾಗಿ, ಆಮೇಲೆ ಏನನ್ನು ಬೇಕಾದರೂ ಸುರಿಯಬಹುದಾದ ಜಾಗವಾಯಿತು. ಕಬ್ಬಿಣಪುಡಿ ಕಂಟಾಮಿನೇಶನ್ ಆದದ್ದೂ ಅಳಿವೆ ಪೊರಂಬೋಕ್ಕು ಆದದ್ದೂ ಒಂದೇ ಬಗೆಯ ಜಾರುವಿಕೆ. ಎರಡರಲ್ಲೂ ಹೆಸರು ಬದಲಾಗಿ ಕಣ್ಣು ಬೇರೆಡೆ ತಿರುಗಿತು.

ಕ್ಲೇ ಬಾರ್ ಕೊಳೆಯನ್ನು ನಾಶ ಮಾಡುವುದಿಲ್ಲ, ತನ್ನೊಳಗೆ ತೆಗೆದುಕೊಳ್ಳುತ್ತದೆ. ಮೈ ಕಪ್ಪಾದಾಗ ಮಡಿಸಿ ಒಳಕ್ಕೆ ತಳ್ಳಿದರೆ ಹೊರಗೆ ಮತ್ತೆ ಶುಭ್ರ ಮೈ. ಚೆನ್ನೈ ತನ್ನ ದೂಳನ್ನು ಹೀಗೆಯೇ ಮಡಿಸಿತು. ರಾಯಪುರಂ ಸ್ವಚ್ಛವಾಯಿತು, ಎಣ್ಣೂರು ಒಳಮಡಿಕೆಯಾಯಿತು. ಹೈಕೋರ್ಟಿನ ಆದೇಶ ತಪ್ಪೆಂದು ಇದರ ಅರ್ಥವಲ್ಲ. ರಾಯಪುರಂನ ಮಕ್ಕಳಿಗೆ ಒಳ್ಳೆಯ ಗಾಳಿ ಸಿಗಬೇಕಾದದ್ದೇ. ತಪ್ಪಿದ್ದು ಮಡಿಸಿದ್ದನ್ನೇ ತೆಗೆದದ್ದೆಂದು ಎಲ್ಲರೂ ಒಪ್ಪಿಕೊಂಡ ಕಡೆ.

*

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಸಾಲ ತೀರಿಸುತ್ತ, ಭಾನುವಾರದ ಎರಡು ಗಂಟೆ ಬಿಡುವು ಮಾಡಿಕೊಂಡು ತನ್ನ ಕಾರಿನ ಬಣ್ಣ ಕಾಯುವ ಮನುಷ್ಯನ ತಲೆಗೆ ಎಣ್ಣೂರಿನ ಬೂದಿಯನ್ನೇಕೆ ಹೊರಿಸಬೇಕು? ಅವನು ಸ್ಥಾವರ ಕಟ್ಟಿದವನಲ್ಲ, ಕೊಳವೆ ಸೋರಲು ಬಿಟ್ಟವನಲ್ಲ. ಇರುವ ವಸ್ತುವನ್ನು ಚೆನ್ನಾಗಿ ನೋಡಿಕೊಂಡು ಹತ್ತು ವರ್ಷ ಬಾಳಿಸುವುದು ನಾಲ್ಕು ವರ್ಷಕ್ಕೊಂದು ಕಾರು ಬದಲಿಸುವುದಕ್ಕಿಂತ ಒಳ್ಳೆಯದೂ ಹೌದು. ತೊಳೆಯುವ ಪ್ರತಿಯೊಂದು ಕೈಗೂ ನೀತಿ ಹೇಳತೊಡಗಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಆಕ್ಷೇಪ ಒಪ್ಪುವಂಥದು. ಕಾರು ತೊಳೆಯುವುದರಲ್ಲಿ ಅಪರಾಧವೇನೂ ಇಲ್ಲ. ಆದರೂ ಆ ಮನುಷ್ಯನ ಅಂಗೈಯಲ್ಲಿ ಬೇರೆಯವರ ಬಳಿ ಇಲ್ಲದ ಒಂದು ವಸ್ತುವಿದೆ. ನಗರದ ಗಾಳಿ ಹೇಗಿದೆ ಎಂಬುದನ್ನು ಮಾಪನ ಕೇಂದ್ರಗಳು ಅಂಕಿಗಳಲ್ಲಿ ಹೇಳುತ್ತವೆ. ಅಂಕಿ ಇಂದು ಏರುತ್ತದೆ, ನಾಳೆ ಇಳಿಯುತ್ತದೆ, ಅದನ್ನು ಮುಟ್ಟಲಾಗುವುದಿಲ್ಲ. ಕಂದುಗಪ್ಪಾದ ಆ ಮುದ್ದೆಯನ್ನು ಮುಟ್ಟಬಹುದು. ಆರು ತಿಂಗಳು ಒಂದೇ ಬೀದಿಯಲ್ಲಿ ನಿಂತ ಲೋಹದ ಮೈ ಆ ಬೀದಿಯ ಗಾಳಿಯಿಂದ ಏನನ್ನು ಹಿಡಿದಿಟ್ಟಿತು ಎಂಬುದು ಅದರಲ್ಲಿದೆ. ಅದೇ ಬೀದಿಯಲ್ಲಿ ಅದೇ ಆರು ತಿಂಗಳು ಉಸಿರಾಡಿದವರ ಶ್ವಾಸಕೋಶಕ್ಕೆ ಕ್ಲಿಯರ್ ಕೋಟ್ ಇಲ್ಲ, ಕ್ಲೇ ಬಾರೂ ಇಲ್ಲ. ಬಾನೆಟ್ಟಿಗೆ ಅಂಟುವುದು ಕೊಂಚ ದಪ್ಪನೆಯ ಕಣ, ಎದೆಯ ಆಳಕ್ಕೆ ಇಳಿಯುವುದು ಅದಕ್ಕಿಂತ ಸಣ್ಣದು. ಆದರೂ ಎರಡೂ ಬಹಳ ಮಟ್ಟಿಗೆ ಒಂದೇ ಬ್ರೇಕು, ಒಂದೇ ಒಲೆಯಿಂದ ಎದ್ದು ಬಂದವು.

ಬೆಳಗಿನ ಐದು ಗಂಟೆಗೇ ಬಂದು ಅಪಾರ್ಟ್‌ಮೆಂಟಿನ ಕಾರುಗಳನ್ನು ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಸಾಲಾಗಿ ಒರೆಸುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಯಾವ ಕಾರು ಎಲ್ಲಿ ಹೋಗಿ ಬಂತು, ಯಾವುದರ ಮೇಲಿನ ಪುಡಿ ಕೈಗೆ ಉರಿ ತರುತ್ತದೆ ಎಂಬ ಲೆಕ್ಕ ಅವರ ಬೆರಳಿನಲ್ಲಿರುತ್ತದೆ. ಆ ಒಂದೇ ಬಕೆಟ್ ನೀರಿನಿಂದ ಗೀರು ಬೀಳುತ್ತದೆ ಎಂದು ಗೊಣಗುವ ಮಾಲೀಕರು ಎರಡನೇ ಬಕೆಟ್ಟಿಗೆ ಹಣ ಕೊಡುವುದು ಅಪರೂಪ. 2019ರ ಜೂನಿನಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ಇಡೀ ನಗರ ತಣ್ಣಿ ಲಾರಿಯ ದಾರಿ ಕಾಯ್ದಾಗ ಆ ಒಂದು ಬಕೆಟ್ಟೂ ಹೆಚ್ಚೆನಿಸಿತ್ತು. ಈ ಊರಿನಲ್ಲಿ ಯಾವ ಕೊಳೆಯ ಮಾತೂ ನೀರಿನ ಮಾತಾಗದೆ ಮುಗಿಯುವುದಿಲ್ಲ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮಣಲಿಯ ತೈಲ ಸಂಸ್ಕರಣಾಗಾರದ ಕಡೆಯಿಂದ ಎಣ್ಣೆ ಹರಿದು ಎಣ್ಣೂರಿನ ಅಳಿವೆಯನ್ನು ಸೇರಿತು. ಕಪ್ಪು ಜಿಡ್ಡು ದೋಣಿಗಳಿಗೆ, ಬಲೆಗಳಿಗೆ, ಮನೆಯ ಗೋಡೆಗಳಿಗೆ, ಹಕ್ಕಿಗಳ ರೆಕ್ಕೆಗೆ ಅಂಟಿತು. ಮೊದಲ ದಿನಗಳಲ್ಲಿ ಮೀನುಗಾರರು ಮಗ್ಗು, ಬಕೆಟ್ಟು ಹಿಡಿದು, ಬರಿಗೈಯಲ್ಲಿ ಆ ಎಣ್ಣೆಯನ್ನು ಬಾಚಿದರು. ನಗರದ ಇನ್ನೊಂದು ತುದಿಯ ಅಂಗಡಿಗಳಲ್ಲಿ ನೆರೆನೀರು ಕಂಡ ಕಾರುಗಳಿಗೆ ಕೈಗವಸು ತೊಟ್ಟು ಫೋಮ್ ಹಾಕುವ ಕೆಲಸ ನಡೆಯುವ ಕಾಲ ಅದು. ಇಬ್ಬರೂ ಮಾಡುತ್ತಿದ್ದದ್ದು ಒಂದೇ, ಅಂಟಿದ ಕೊಳೆಯನ್ನು ಬಿಡಿಸುವುದು. ಒಬ್ಬರ ಬಳಿ ಅದಕ್ಕೆ ತಕ್ಕ ವಸ್ತುಗಳಿದ್ದವು, ಇನ್ನೊಬ್ಬರ ಬಳಿ ಮಗ್ಗು ಇತ್ತು.

ಹಾಗಾದರೆ ಏನು ಮಾಡಬೇಕು ಎಂದರೆ ಉತ್ತರ ಸಣ್ಣದು, ಆದರೆ ಇಲ್ಲ ಎನ್ನುವಂತಿಲ್ಲ. ಅಂಗಡಿಗಳು ಡಿಕಂಟಾಮಿನೇಶನ್ ಎಂಬ ಬೋರ್ಡಿನ ಕೆಳಗೆ ಏನನ್ನು ತೆಗೆಯುತ್ತೇವೆ ಎಂದು ನಾಲ್ಕು ಸಾಲು ಬರೆಯಲಿ: ಬ್ರೇಕಿನ ಕಬ್ಬಿಣ, ಸಿಮೆಂಟು, ಮರದಂಟು, ಕಲ್ಲಿದ್ದಲ ಮಸಿ. ಗಿರಾಕಿಗಳು ಕೆಲಸವಾದ ಮೇಲೆ ಬಾನೆಟ್ಟಿನ ಹೊಳಪನ್ನು ಮಾತ್ರ ನೋಡದೆ ಮುದ್ದೆಯನ್ನೂ ತೋರಿಸಿ ಎನ್ನಲಿ. ಅಪಾರ್ಟ್‌ಮೆಂಟಿನ ಸಂಘಗಳು ಪಕ್ಕದ ಕಾಮಗಾರಿಯ ಸಿಮೆಂಟ್ ಪುಡಿಗೆ ತೆರೆ ಕಟ್ಟಿ, ನೀರು ಚಿಮುಕಿಸಿ ಎಂದು ಕೇಳಲಿ. ಕಾರಿನ ಬಣ್ಣಕ್ಕಾಗಿ ಕೇಳಿದರೂ ಅದರ ಫಲ ಮಕ್ಕಳ ಮೂಗಿಗೂ ಸಿಗುತ್ತದೆ. ಶಾಖೋತ್ಪನ್ನ ಸ್ಥಾವರಗಳ ಹೊಗೆಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಬಿಗಿಯಾದ ಮಿತಿಗಳನ್ನು ಗೊತ್ತುಮಾಡಿ ಎರಡು ವರ್ಷದ ಗಡುವು ಕೊಟ್ಟಿತ್ತು. ಗಂಧಕದ ಹೊಗೆಯ ಮಟ್ಟಿಗೆ ಆ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಇಂಥ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಕಂಡಾಗ ಅದು ತನ್ನ ಮನೆಯ ಸುದ್ದಿ ಎಂದು ಗುರುತಿಸಲು ಕಾರಿನ ಮಾಲೀಕನಿಗೆ ಬೇರೆ ಯಾರಿಗಿಂತ ಹೆಚ್ಚಿನ ಸಾಕ್ಷ್ಯವಿದೆ.

ಬಾರಿನ ಆ ಕಾಲುಭಾಗವನ್ನು ಎಷ್ಟು ಸಲ ಮಡಿಸಿದರೂ ಕೊನೆಗೊಮ್ಮೆ ಒಳಗೂ ಹೊರಗೂ ಒಂದೇ ಬಣ್ಣವಾಗುತ್ತದೆ. ಮಡಿಸಲು ಶುಭ್ರ ಮೈ ಉಳಿಯುವುದಿಲ್ಲ. ಆಗ ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿಯಿಂದ ಅದು ಕಾರ್ಪೊರೇಷನ್ ಗಾಡಿ ಹತ್ತುತ್ತದೆ. ಉತ್ತರ ಚೆನ್ನೈನ ಕಸವಾದರೆ ಕೊಡುಂಗೈಯೂರಿನ ರಾಶಿಗೆ, ದಕ್ಷಿಣದ್ದಾದರೆ ಪೆರುಂಗುಡಿಯ ಜೌಗಿನ ದಂಡೆಗೆ ಹೋಗುತ್ತದೆ. ಎಸೆಯುವ ಮೊದಲು ಅರ್ಧ ನಿಮಿಷ ಅದನ್ನು ಬೆಳಕಿಗೆ ಹಿಡಿದು ನೋಡುವುದಕ್ಕೆ ಖರ್ಚೇನೂ ಇಲ್ಲ. ಅದರಲ್ಲಿರುವುದು ಕಂಟಾಮಿನೇಶನ್ ಅಲ್ಲ. ಅದರಲ್ಲಿ ಕಬ್ಬಿಣವಿದೆ, ಸಿಮೆಂಟಿದೆ, ಮಸಿಯಿದೆ, ಬೂದಿಯಿದೆ.